ಕರಿ ದಿವಸ ಹುಟ್ಟಿದಾಕಿ

ಸಂಕ್ರಾಂತಿಯ ಮರುದಿನಕ್ಕೆ ಮರಾಠಿ ಸೀಮೆಗೆ ಹತ್ತಿದ ನಮ್ಮ ಊರು ಉಮದಿಯಲ್ಲಿ ಕರಿ ಅನ್ನುತ್ತಾರೆ. ಮರಾಠಿ ಮಂದಿಗೆ ಅದು ಕಿಂಕ್ರಾಂತ. ಆ ದಿವಸ ಹೊಸ ಕೆಲಸ ಹಿಡಿಯಬಾರದು, ಊರು ದಾಟಬಾರದು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಇದರಲ್ಲಿ ಭಾಳ ಕಟ್ಟುನಿಟ್ಟು. ನಾನು ಹುಟ್ಟಿದ್ದು ಸಂಕ್ರಾಂತಿ ದಿವಸ ಎಂದು ಊರಿಗೆಲ್ಲ ಹೇಳಿಕೊಂಡು, ಪ್ರತಿ ವರ್ಷ ಅವತ್ತೇ ನನಗೆ ಆರತಿ ಬೆಳಗುತ್ತಿದ್ದಳು.

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ನನಗೆ ಹದಿನೆಂಟು ತುಂಬುವುದರಲ್ಲಿತ್ತು. ಏಳನೆಯ ಇಯತ್ತೆ ಪಾಸಾಗಿ ಮನೆಯಲ್ಲಿ ಕೂತು ಮೂರು ವರ್ಷ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಡಿಗಿಮನಿಯಿಂದ ಅಂಗಳಕ್ಕೆ, ಅಂಗಳದಿಂದ ಮಾಳಿಗೆಗೆ ಸುಮ್ಮನೆ ತಿರುಗುತ್ತಿದ್ದೆ. ಕನ್ನಡ ಸಾಲಿಯಲ್ಲಿ ಕಲಿಸಲು ಅಕ್ಕೋರು ಬೇಕಾಗಿದ್ದಾರೆಂದು ತಿಳಿದು ಅಪ್ಪ ನನ್ನಿಂದ ಅರ್ಜಿ ಹಾಕಿಸಿದ. ಪರೀಕ್ಷೆಗೆ ತಾಲೂಕಿನ ಊರಾದ ಜತ್ತಕ್ಕೆ ಬರಬೇಕೆಂದು ಕಾಗದ ಬಂತು. ತಾರೀಖು ನೋಡಿದರೆ ಕರಿ.

ಅವತ್ತು ಮುಂಜಾನೆ ಆಯಿ ಹೊಸ್ತಿಲಿಗೆ ಅಡ್ಡ ಕೂತಳು.

"ಇವತ್ತ ಹೊರಗ ಕಾಲಿಟ್ರ ನನ್ನ ದಾಟಿ ಹೋಗಬೇಕಾಗತದ ನೋಡ."

ಬಸ್ಸಿನ ಹೊತ್ತಾಗುತ್ತಿತ್ತು. ಅಪ್ಪ ಟೋಪಿ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ಅತ್ತೆಗೆ ಎದುರು ಮಾತಾಡದ ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಆಕಿನ್ನ ಬಿಡ್ರಿ, ಅತ್ಯಾರ. ಆಕಿ ಹುಟ್ಟಿದ್ದ ಕರಿ ದಿವಸ, ಕರಿ ಆಕಿಗೇನ ಮಾಡತದ? ಇನ್ನ ಎಷ್ಟ ವರ್ಷ ಮುಚ್ಚಿಡತೀರಿ?"

ಆಯಿ ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ಬಾಗಿಲ ಪಕ್ಕದ ಗ್ವಾಡಿ ಹಿಡಿದು ಎದ್ದು ಒಳಗೆ ಹೋದಳು.

ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಇಷ್ಟು ವರ್ಷ ನನ್ನದೆಂದು ತಿಳಿದಿದ್ದ ದಿನ ನನ್ನದಾಗಿರಲಿಲ್ಲ.

"ಯಾಕ ಸುಳ್ಳ ಹೇಳಿದ್ರಿ?" ಎಂದು ಅಪ್ಪನನ್ನು ಕೇಳಿದೆ.

ಅವನು ಕಿಡಕಿಯ ಹೊರಗೆ ನೋಡುತ್ತಲೇ ಹೇಳಿದ: "ಸೂಲಗಿತ್ತಿ ಬರೂದ್ರೊಳಗ ನೀ ಹುಟ್ಟಿದಿ. ನಿನ್ನ ಕೈಯಾಗ ಹಿಡದಾಕಿ ಆಯಿನ. ಕರಿ ಕೂಸು ಅಂತ ಮಂದಿ ಹೆಸರಿಡತಾರ, ಮುಂದ ಇಕಿನ್ನ ಯಾರೂ ಲಗ್ನ ಮಾಡಿಕೊಳ್ಳೂದಿಲ್ಲ ಅಂತ ಅಂಜಿದಳು. ಹುಡುಗಿ ನಿನ್ನೆ ರಾತ್ರಿನ ಹುಟ್ಯಾಳ ಅಂತ ತಾನ ಓಣಿ ತುಂಬ ಹೇಳಿ ಬಂದಳು."

ಪರೀಕ್ಷೆಯಲ್ಲಿ ಮೊದಲ ಪುಟ ಏನು ಬರೆದೆನೋ ಗೊತ್ತಿಲ್ಲ. ಎರಡನೆಯ ಪುಟದಿಂದ ಪ್ರಶ್ನೆ ಓದಿ ಉತ್ತರ ಬರೆದೆ.

ಒಂದು ತಿಂಗಳು ಆಯಿ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ನನಗೂ ಸಿಟ್ಟಿತ್ತು. ಕಡೆಗೆ ಯಳವಿ ಎಂಬ ಊರಿನ ಸಾಲಿಗೆ ಹಾಜರಾಗಲು ಹುಕುಂ ಬಂತು. ಹೊರಡುವ ದಿವಸ ಆಯಿ ಬಸ್ಸಿನ ತನಕ ಬಂದಳು.

"ಅಲ್ಲಿ ಮಂದಿ ಹುಟ್ಟಿದ ದಿನ ಕೇಳಿದ್ರ ಏನ ಹೇಳ್ತಿ?"

"ಖರೇ ಹೇಳ್ತೀನಿ, ಆಯಿ."

ಅವಳು ನನ್ನ ಸೆರಗು ಸರಿಮಾಡಿದಳು. "ಹೇಳ," ಅಂದಳು. "ಆದ್ರ ಹೋದ ಕೂಡಲೇ ಹೇಳಬ್ಯಾಡ. ಮೊದಲ ನಾಕ ದಿವಸ ಅವರು ನಿನ್ನ ನೋಡಲಿ."