ಮರಳು ತುಂಬಿದ ಅತ್ತೆ

ಬಸ್ಸಿನ ಬಾಡಿ ಕಟ್ಟುವ ಆ ಕಾರ್ಖಾನೆಯಲ್ಲಿ ಸೀಟು ಹೊಲಿಯುವ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸೀಟಕ್ಕ ಎಂದೇ. ಊರಿನಲ್ಲಿ ಬಸ್ ಹತ್ತಿ ಅವಳ ಹೊಲಿಗೆಯ ಮೇಲೆ ಕೂರದೆ ಇಳಿದವರು ಯಾರೂ ಇರಲಿಕ್ಕಿಲ್ಲ; ನಿಂತೇ ಹೋದ ಪಾಪದವರನ್ನು ಬಿಟ್ಟು. ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಕಲಿಸಿದವರು ಅತ್ತೆ. ಹೊಲಿಗೆ ಸೊಟ್ಟಗಾದರೆ ತಲೆಗೆ ಮೊಟಕಿ, ಬಿಚ್ಚಿಸಿ, ಮತ್ತೆ ಹೊಲಿಸುತ್ತಿದ್ದರು. ಗಂಡ ತೀರಿಕೊಂಡು ಅವಳು ಮೂಲೆ ಹಿಡಿದಾಗ ಎಬ್ಬಿಸಿ ಕಾರ್ಖಾನೆಯ ಬಾಗಿಲವರೆಗೆ ಕರೆತಂದವರೂ ಅವರೇ. "ಅಳೋದಿದ್ರೆ ಮಿಷಿನ್ ಮುಂದೆ ಕೂತು ಅಳು. ಕೆಲಸಾನೂ ಆಗುತ್ತೆ" ಎಂದಿದ್ದರು. ಅಂದಿನಿಂದ ಮನೆಯಲ್ಲಿ ಇಬ್ಬರೇ, ಜಗಳಕ್ಕೂ ಇಬ್ಬರೇ.

ಸಾರಿಗೆ ಮೇಳಕ್ಕೆಂದು ಕಾರ್ಖಾನೆ ಹೊಸ ವಿನ್ಯಾಸದ ಬಸ್ಸೊಂದನ್ನು ಕಟ್ಟಿತು. ನೆಲಕ್ಕೆ ತಾಗುವಂಥ ತಗ್ಗಿನ ಮೆಟ್ಟಿಲು, ಈ ತುದಿಯಿಂದ ಆ ತುದಿಗೆ ಒಂದೇ ಗಾಜು, ತೆರೆಯಲು ಬಾರದ ಕಿಟಕಿ. ಮೇಳದ ಕೊನೆಯ ದಿನ ಆ ಬಸ್ಸನ್ನು ಎಲ್ಲರೆದುರು ಮಗುಚಿ ಹಾಕಿ, ಒಳಗಿದ್ದವರಿಗೆ ಏನೂ ಆಗುವುದಿಲ್ಲವೆಂದು ತೋರಿಸಬೇಕಂತೆ. ಅದಕ್ಕೆ ಬೊಂಬೆಗಳು ಬೇಕು. "ಬಟ್ಟೆ ಅಂಗಡಿ ಬೊಂಬೆ ಬೇಡಮ್ಮ, ನಿಜವಾದ ಜನರ ಥರ ಇರ್ಲಿ" ಎಂದರು ಮಾಲೀಕರು.

ಸೀಟಕ್ಕ ದಪ್ಪ ಕ್ಯಾನ್ವಾಸಿನಲ್ಲಿ ಬೊಂಬೆ ಹೊಲಿದು ಮರಳು ತುಂಬಿದಳು. ಹೆಚ್ಚಿನವನ್ನು ಕಣ್ಣಂದಾಜಿನಲ್ಲೇ ಮುಗಿಸಿದಳು. ಟೇಪು ಹಿಡಿದು ಅಳತೆ ತೆಗೆದದ್ದು ಎರಡಕ್ಕೆ ಮಾತ್ರ: ಒಂದಕ್ಕೆ ತನ್ನದೇ ಅಳತೆ, ಅಜ್ಜಿ ಬೊಂಬೆಗೆ ಅತ್ತೆಯದು. ಸೊಂಟದ ಸುತ್ತಳತೆ ಕೇಳಿದ ಅತ್ತೆ, "ನಿನ್ನ ಟೇಪು ಸುಳ್ಳು ಹೇಳುತ್ತೆ ಕಣೆ" ಎಂದು ಬೈದರು. ಬಸ್ಸಿನಲ್ಲಿ ಜಾಗ ಸಾಲದೆ ಸೀಟಕ್ಕನ ಅಳತೆಯ ಬೊಂಬೆ ಮೇಳದ ಮಳಿಗೆಯ ಹಿಂದಿನ ಸಾಮಾನು ಕೋಣೆಯಲ್ಲಿ ಉಳಿಯಿತು.

ಮೇಳ ಶುರುವಾದ ದಿನವೇ ಅತ್ತೆ ಊಟ ಬಿಟ್ಟರು. ಬಂದ ವೈದ್ಯರು ನಾಡಿ ಹಿಡಿದು, ವಯಸ್ಸಾಯ್ತಲ್ಲ ಎಂದು ಎದ್ದು ಹೋದರು. ಅಷ್ಟು ಹೇಳಲು ವೈದ್ಯರೇ ಬೇಕಿತ್ತೇ? ಇತ್ತ ಮೇಳದಲ್ಲಿ ಜನ ಅಜ್ಜಿ ಬೊಂಬೆಯ ಪಕ್ಕ ಕೂತು ಫೋಟೊ ತೆಗೆಸಿಕೊಂಡರು, ಕೆನ್ನೆ ಹಿಂಡಿದರು. ಸೀಟು ಒರೆಸುವ ಕೆಲಸಕ್ಕೆ ಬಸ್ಸಿನಲ್ಲೇ ಇರುತ್ತಿದ್ದ ಸೀಟಕ್ಕ ಎಲ್ಲವನ್ನೂ ನೋಡಿದಳು.

ಸಂಜೆ ಮನೆಗೆ ಬಂದರೆ ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಮಲಗಿದ್ದರು. "ಅದೇನು ದೀಪ ಕಣೆ ಅಲ್ಲಿ. ಕಣ್ಣು ಚುಚ್ಚುತ್ತೆ."

"ಎಲ್ಲಿ ಅತ್ತೆ?"

"ಬಂದೋರೆಲ್ಲ ಕೆನ್ನೆ ಹಿಂಡ್ತಾರೆ. ಕಿಟಕಿ ತೆಗಿ, ಈ ಬಸ್ಸಲ್ಲಿ ಗಾಳೀನೇ ಇಲ್ಲ."

ಕಿಟಕಿಯ ವಿಷಯವಾಗಲಿ, ಕೆನ್ನೆಯ ವಿಷಯವಾಗಲಿ ಸೀಟಕ್ಕ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅತ್ತೆಯನ್ನು ಎತ್ತಿ ಕೂರಿಸಲು ಹೋದರೆ ಅವರ ಮೈ ಖಾಲಿ ದಿಂಬಿನ ಹಾಗೆ ಕೈಗೆ ಬಂತು. ಮರುದಿನ ಬಸ್ಸಿನಲ್ಲಿ ಅಜ್ಜಿ ಬೊಂಬೆಯ ಕೆಳಗಿನ ಹೊಸ ಸ್ಪಂಜು ಪಾತಾಳಕ್ಕಿಳಿದಿತ್ತು. ಒರೆಸಲೆಂದು ಸರಿಸಹೋದರೆ ಬೊಂಬೆ ಜಪ್ಪಯ್ಯ ಅನ್ನಲಿಲ್ಲ.

ಕೊನೆಯ ದಿನದ ಬೆಳಿಗ್ಗೆ ಅವಳು ಮಾಲೀಕರ ಮುಂದೆ ನಿಂತಳು. "ಆ ಅಜ್ಜಿ ಬೊಂಬೆ ಬಿಟ್ಬಿಡಿ ಸಾರ್. ಬಸ್ ಮಗುಚೋವಾಗ ಅದು ಒಳಗಿರೋದು ಬೇಡ."

"ಯಾಕಮ್ಮ, ಅಜ್ಜಿಗೆ ನೋವಾಗುತ್ತಾ?" ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು. "ಏನಾದ್ರೂ ಮಾಡ್ಕೊ. ಸೀಟು ಮಾತ್ರ ಖಾಲಿ ಇರಬಾರದು."

ಬಸ್ಸಿನಲ್ಲಿ ಆಗ ಯಾರೂ ಇರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು, ಬೊಂಬೆಯ ಹೆದರಿಕೆಯಲ್ಲ. ಜಗಳಕ್ಕೂ ಜನವಿಲ್ಲದ ಮನೆಗೆ ಹೋಗಿ ಬೀಗ ತೆಗೆಯುವುದು ಅವಳಿಂದಾಗುತ್ತಿರಲಿಲ್ಲ. ಬಗ್ಗಿ ಬೊಂಬೆಯ ಕಿವಿಯ ಬಳಿ, "ಅತ್ತೆ, ಏಳಿ. ನಮ್ಮ ಸ್ಟಾಪ್ ಬಂತು" ಎಂದಳು. ಬೊಂಬೆ ಹೂವಿನಷ್ಟು ಹಗುರಾಗಿ ಎದ್ದು ಬಂತು. ಅದನ್ನು ಸಾಮಾನು ಕೋಣೆಯ ತೆರೆದ ಕಿಟಕಿಯ ಪಕ್ಕ ಕೂರಿಸಿ, ಅಲ್ಲಿದ್ದ ತನ್ನ ಅಳತೆಯ ಬೊಂಬೆಯನ್ನು ಹೊತ್ತು ತಂದು ಖಾಲಿ ಸೀಟಿಗೆ ಹಾಕಿದಳು. ಬೆಲ್ಟು ಬಿಗಿಯುವಾಗ ಅವಳ ಹೊಟ್ಟೆಯ ಮೇಲೂ ಏನೋ ಬಿಗಿಯಿತು.

ಬಸ್ ಮಗುಚಿತು. ಗಾಜು ಚೂರಾದ ಸದ್ದಿಗೆ ಜನ ಹೋ ಎಂದರು. ಚಾವಣಿ ಬಗ್ಗಲಿಲ್ಲ, ಬೆಲ್ಟು ಬಿಡಲಿಲ್ಲ. ಒಂದೇ ಒಂದು ಬೊಂಬೆಯ ಭುಜದ ಹೊಲಿಗೆ ಬಿಟ್ಟು ಒಂದಿಷ್ಟು ಮರಳು ಸುರಿಯಿತು. ಮಾಲೀಕರು ಚಪ್ಪಾಳೆ ತಟ್ಟಿದರು. ಯಾರ ಬೊಂಬೆಯೆಂದು ನೋಡಲು ಸೀಟಕ್ಕ ನಿಲ್ಲಲಿಲ್ಲ.

ಮನೆಯಲ್ಲಿ ಅತ್ತೆ ಮಂಚದ ಮೇಲೆ ಎದ್ದು ಕೂತು, ತಟ್ಟೆ ಬಳಿದು ಉಣ್ಣುತ್ತಿದ್ದರು. "ಎಷ್ಟು ಹೊತ್ತೇ? ಹಸಿವು ತಡೀದೆ ನಾನೇ ಬಡಿಸ್ಕೊಂಡೆ."

ಸೀಟಕ್ಕ ಬಾಗಿಲಿಗೊರಗಿ ಅತ್ತುಬಿಟ್ಟಳು. ಅಳುತ್ತಲೇ ಒಳಗೆ ಬಂದು ಅತ್ತೆಯ ಪಕ್ಕ ಕೂತಳು. ಕಿಟಕಿ ತೆರೆದೇ ಇತ್ತು, ಪರದೆ ಹಾರಾಡುತ್ತಿತ್ತು, ಆದರೆ ಅವಳ ಮೈಗೆ ಗಾಳಿ ತಾಗಲಿಲ್ಲ.

ಅತ್ತೆ ನೆಲ ನೋಡಿದರು. ಹೊಸ್ತಿಲಿನಿಂದ ಮಂಚದವರೆಗೆ ಸಣ್ಣ ಗೆರೆಯಾಗಿ ಮರಳು ಬಿದ್ದಿತ್ತು. ಕೈ ತೊಳೆದು ಬಂದು ದಿಂಬಿನ ಕೆಳಗಿನಿಂದ ಸೂಜಿ ತೆಗೆದರು, ಎಷ್ಟೋ ವರ್ಷದಿಂದ ಸೂಜಿಯ ಕಣ್ಣೇ ಕಾಣದವರು ಒಂದೇ ಸಲಕ್ಕೆ ದಾರ ಪೋಣಿಸಿದರು.

"ಈ ಕಡೆ ತಿರುಗು" ಎಂದು ಸೊಸೆಯ ಭುಜ ಹಿಡಿದರು. "ಹೊಲಿಗೆ ಜಾಸ್ತಿ ಏನೂ ಬಿಟ್ಟಿಲ್ಲ. ಅಲ್ಲಾಡಬೇಡ."