ಗುಡ್ಡ ಹತ್ತುವ ಮಾರುತೇಶ

ಪಕ್ಕದ ಮನೆಯ ಮಾರುತೇಶ ಸೀರೆ ನೇಯುವವನು. ತಿಂಗಳೆಲ್ಲ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನು, ಮಗ್ಗಕ್ಕೆ ರಜೆಯಾದ ಅಮಾವಾಸ್ಯೆ ದಿನ ಮನೆಯಲ್ಲಿ ನಿಲ್ಲುವುದಿಲ್ಲ. ಮೊಳಕಾಲ್ಮೂರಿನ ಸುತ್ತಲ ಗುಡ್ಡಗಳ ಹೆಸರನ್ನೆಲ್ಲ ಗೋಡೆಗೆ ಬರೆದಿದ್ದಾನೆ. ಒಂದೊಂದನ್ನೇ ಹತ್ತಿ ಗೀಟು ಹೊಡೆಯುತ್ತಾನೆ. ಯಾವುದಕ್ಕಾದರೂ ಮೆಟ್ಟಿಲಿದ್ದರೆ ನನ್ನ ಹತ್ತಿರ, "ಅದೇನ್ ಗುಡ್ಡ ಬಿಡವ್ವ, ಮಾಳಿಗೆ" ಅನ್ನುತ್ತಾನೆ. ತುದಿಯಲ್ಲಿ ಬಿಸಿಲಿಗೆ ಕನ್ನಡಿ ಹಿಡಿದು ಹೆಂಡತಿಗೆ ಫೋನು ಮಾಡುತ್ತಾನೆ: "ಕಾಂಚನಾ, ಮಿಂಚಿದ್ದು ಕಾಣ್ತೇನೇ?" ಆಕೆ ಮನೆ ಮೇಲೆ ನಿಂತು, "ಕಾಣ್ತು, ಇಳ್ದು ಬರ್ರಿ, ಮುದ್ದೆ ಆರ್ತೈತೆ" ಎಂದರೇ ಆ ಗುಡ್ಡ ಲೆಕ್ಕಕ್ಕೆ. ಹೋದ ಅಮಾವಾಸ್ಯೆ ಅವನು ಜೇಬಿನಿಂದ ಕನ್ನಡಿ ತೆಗೆಯುವ ಮೊದಲೇ ಆಕೆ "ಕಾಣ್ತು" ಎಂದುಬಿಟ್ಟಳು. ಇಳಿದು ಬಂದವನು, "ಕಣ್ಣು ಮಂಜಾಗಿ ಎಷ್ಟು ದಿನ ಆತೇ?" ಎಂದು ಮೆಲ್ಲಗೆ ಕೇಳಿದ. "ಹೇಳಿದ್ರೆ ನೀವು ಗುಡ್ಡ ಬಿಡ್ತಿದ್ರಿ" ಎಂದಳು. ಈ ಅಮಾವಾಸ್ಯೆ ಇಬ್ಬರೂ ಬೆಳಗಿನ ಬಸ್ಸಿಗೇ ಚಳ್ಳಕೆರೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾರೆ.