ಮಣ್ಣಾದ ಸೀಗಡಿ ಮರಳಿ ಬಂತು

ಸ್ನೇಹಿತರೇ, ತಪ್ಪೊಪ್ಪಿಕೊಳ್ಳುತ್ತೇನೆ: ಇಂದು ಮಧ್ಯಾಹ್ನ ಹೆಣವೊಂದನ್ನು ಗುಟ್ಟಾಗಿ ಹೂತೆ. ನಮ್ಮ ಅಕ್ವೇರಿಯಂನಲ್ಲಿದ್ದ ಮಗಳ ಒಂದೇ ಒಂದು ಸೀಗಡಿ ಗಡಿ ದಾಟಿತ್ತು. ಬಿಳಿಚಿಕೊಂಡು ಬಿದ್ದಿತ್ತು, ಮೇಲೊಂದು ಬಸವನಹುಳು ಕೂತಿತ್ತು. ಅವಳು ಶಾಲೆಯಿಂದ ಬಂದು ಅತ್ತಾಳೆಂದು ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆ.

"ಮಣ್ಣು ಮಾಡಿ ಹಂಗ ಒಳಗ ಬರಬ್ಯಾಡೋ, ತಲಿ ಮ್ಯಾಲೆ ನೀರು ಹಾಕ್ಕೋ" ಎಂದಳು ಅವ್ವ. ಹಾಕಿಕೊಂಡೆ.

ಸಂಜೆ ಮಗಳು ಕೂಗಿದಳು: "ಅಪ್ಪಾ, ಸೀಗಡಿ ನಿನ್ನ ನೋಡಾಕತ್ತೈತಿ!"

ಗಾಜಿನಾಚೆ ಅದೇ ಸೀಗಡಿ! ಕರಿ ಕಣ್ಣು ನನ್ನ ಮೇಲೆಯೇ ನೆಟ್ಟಿತ್ತು. ಮೀನುಗಳೆಲ್ಲ ಮೂಲೆ ಸೇರಿದ್ದವು.

"ಮಣ್ಣು ಬರೋಬ್ಬರಿ ಮುಚ್ಚಿದ್ದಿಲ್ಲೋ?" ಅವ್ವ ಪಿಸುಗುಟ್ಟಿದಳು.

ದಾಸವಾಳದ ಬುಡಕ್ಕೆ ಓಡಿ ಅಗೆದೆ. ಹೆಣದೊಳಗೆ ಯಾರೂ ಇರಲಿಲ್ಲ.

ಬೆಳೆಯುವ ಸೀಗಡಿ ಹಾವಿನಂತೆ ಪೊರೆ ಬಿಟ್ಟು, ಸ್ವಲ್ಪ ಹೊತ್ತು ಅಡಗಿಕೊಳ್ಳುತ್ತದೆ. ಬೆಟಗೇರಿಯ ನಮ್ಮ ಓಣಿಗೆಲ್ಲ ಅಕ್ವೇರಿಯಂ ಪಾಠ ಹೇಳುವ ನಾನು, ಆ ಪೊರೆಗಾಗಿ ತಲೆಸ್ನಾನ ಮಾಡಿದ್ದೆ.